ಸಿಯೆನಾ, ವಾಂತೂ, ಫ್ಲಾಂಡರ್ಸ್, ಹಾರ್ಡ್‌ನಾಟ್: ಸೈಕಲ್ಲನ್ನು ಯಾವ ಗುಡ್ಡಕ್ಕೆ ಹತ್ತಿಸೋಣ?

ಯುರೋಪಿಗೆ ಹೋಗಿ ಒಂದು ವಾರ ರೋಡ್ ಸೈಕಲ್ ತುಳಿಯಬೇಕು, ಗುಡ್ಡಗಳಿರಬೇಕು, ದಾರಿಯಲ್ಲಿ ಹಳೆಯ ಊರುಗಳೂ ಕೋಟೆಗಳೂ ಸಿಗಬೇಕು ಎನ್ನುವವರ ಪಟ್ಟಿಯಲ್ಲಿ ನಾಲ್ಕು ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಇಟಲಿಯ ಟಸ್ಕನಿ, ಫ್ರಾನ್ಸಿನ ಪ್ರೊವಾನ್ಸ್, ಬೆಲ್ಜಿಯಂನ ಫ್ಲಾಂಡರ್ಸ್, ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್. ಚಿತ್ರಗಳನ್ನು ನೋಡಿ ಆರಿಸಲು ಹೊರಟರೆ ಈ ಪ್ರಶ್ನೆ ಬಗೆಹರಿಯುವುದೇ ಇಲ್ಲ, ಏಕೆಂದರೆ ನಾಲ್ಕೂ ಚಿತ್ರದಲ್ಲಿ ಚೆನ್ನಾಗಿವೆ. ಕಾಲಿಗೆ ಅವು ಕೊಡುವ ಕೆಲಸ ಮಾತ್ರ ಒಂದಕ್ಕೊಂದು ಸಂಬಂಧವೇ ಇಲ್ಲದಷ್ಟು ಬೇರೆ. ಒಂದರಲ್ಲಿ ಖುಷಿಪಟ್ಟವರು ಇನ್ನೊಂದರಲ್ಲಿ ಎರಡನೆಯ ದಿನವೇ ಬೇಸತ್ತುಹೋಗಬಹುದು.

ಹಾಗಾಗಿ ಊರಿನ ಹೆಸರು ಪಕ್ಕಕ್ಕಿರಲಿ, ಯಾವುದನ್ನು ಅಳೆಯಬೇಕು ಎಂಬುದನ್ನು ಮೊದಲು ನೋಡೋಣ.

ಏನನ್ನು ಅಳೆಯಬೇಕು

ಎಲ್ಲಕ್ಕಿಂತ ಮುಖ್ಯವಾದದ್ದು ಏರಿನ ಸ್ವರೂಪ. ಬೆಟ್ಟ ಎಷ್ಟು ಎತ್ತರ ಎಂಬುದು ದೊಡ್ಡ ವಿಷಯವಲ್ಲ. ಆ ಎತ್ತರ ನಿಮಗೆ ಒಂದೇ ಗುಕ್ಕಿನಲ್ಲಿ ಬರುತ್ತದೆಯೋ, ಚೂರುಚೂರಾಗಿ ಬರುತ್ತದೆಯೋ ಎಂಬುದೇ ವಿಷಯ. ಒಂದೇ ದಿನದಲ್ಲಿ 1,500 ಮೀಟರ್ ಏರುವುದನ್ನು ಮೂರು ಬಗೆಯಲ್ಲಿ ಮಾಡಬಹುದು: ಎರಡೂವರೆ ಗಂಟೆ ಎಡೆಬಿಡದೆ ಒಂದೇ ಬೆಟ್ಟ ಹತ್ತಿ, ನೂರಿನ್ನೂರು ಮೀಟರಿನ ಹತ್ತಾರು ದಿಬ್ಬಗಳನ್ನು ಹತ್ತಿಳಿದು, ಅಥವಾ ನಾಲ್ಕೈದು ಕಡಿದಾದ ಕಣಿವೆದಾರಿಗಳನ್ನು ದಾಟಿ. ಲೆಕ್ಕದಲ್ಲಿ ಮೂರೂ ಒಂದೇ. ತೊಡೆಗೆ ಕೇಳಿದರೆ ಬೇರೆ ಉತ್ತರ ಬರುತ್ತದೆ. ಒಂದೇ ಲಯದಲ್ಲಿ ತುಳಿಯಬಲ್ಲವರಿಗೆ ಉದ್ದನೆಯ ಏರು ಹಿತ. ತಾಳ್ಮೆ ಕಡಿಮೆ, ಚುರುಕು ಹೆಚ್ಚು ಎನ್ನುವವರಿಗೆ ತುಂಡು ದಿಬ್ಬಗಳು ಹಿತ.

ಒಟ್ಟು ಏರಿಕೆಯನ್ನು ಅಂದಾಜು ಮಾಡಲು ನಾನು ಬಳಸುವ ಲೆಕ್ಕ ಸರಳವಾದದ್ದು. ನೂರು ಕಿಲೋಮೀಟರಿಗೆ ಸಾವಿರ ಮೀಟರಿನೊಳಗಿದ್ದರೆ ಅದು ಏರಿಳಿತದ ದಾರಿ. 1,500 ಎಂದರೆ ನಿಜವಾದ ಗುಡ್ಡಗಾಡು. ಎರಡು ಸಾವಿರ ದಾಟಿದರೆ ಸಂಜೆ ಕೋಟೆ ನೋಡುವ ಉತ್ಸಾಹ ಉಳಿಯುವುದಿಲ್ಲ.

ಎರಡನೆಯದು ಇಳಿಜಾರಿನ ಶೇಕಡಾವಾರು. ಶೇ. 8ರ ಏರು ಎಂದರೆ ನೂರು ಮೀಟರ್ ಮುಂದಕ್ಕೆ ಹೋಗುವಷ್ಟರಲ್ಲಿ ಎಂಟು ಮೀಟರ್ ಮೇಲಕ್ಕೆ. ಸವಾರ ಮತ್ತು ಸೈಕಲ್ ಸೇರಿ 85 ಕೆ.ಜಿ. ಇದ್ದರೆ ಅಂಥ ಏರಿನಲ್ಲಿ ಗಂಟೆಗೆ 8 ಕಿ.ಮೀ. ವೇಗದಲ್ಲಿ ಹೋಗಲು ಸುಮಾರು 160 ವಾಟ್ ಶಕ್ತಿ ಸಾಕು; ಅಭ್ಯಾಸವಿರುವವರು ಅದನ್ನು ಗಂಟೆಗಟ್ಟಲೆ ಕೊಡಬಲ್ಲರು. ಅದೇ ಏರು ಶೇ. 33 ಆದರೆ ಗಂಟೆಗೆ 5 ಕಿ.ಮೀ. ತೆವಳಲಿಕ್ಕೂ 360 ವಾಟಿಗಿಂತ ಹೆಚ್ಚು ಬೇಕು. ಇದು ಮನೋಬಲದ ಮಾತಲ್ಲ. ಗೇರು ಸಾಕಷ್ಟು ಸಣ್ಣದಿಲ್ಲದಿದ್ದರೆ ಸೈಕಲ್ ನಿಲ್ಲುತ್ತದೆ, ನೀವು ಇಳಿಯುತ್ತೀರಿ.

ಮೂರನೆಯದನ್ನು ಬಹಳ ಮಂದಿ ಯೋಚಿಸುವುದೇ ಇಲ್ಲ: ಇತಿಹಾಸ ಇರುವುದು ರಸ್ತೆಯ ಮೇಲೋ, ರಸ್ತೆಯ ಪಕ್ಕದಲ್ಲೋ, ಗುಡ್ಡದ ತುದಿಯಲ್ಲೋ? ತುದಿಯಲ್ಲಿದ್ದರೆ ಪ್ರತಿಯೊಂದು ಊರನ್ನು ನೋಡಲೂ ಹತ್ತಬೇಕು. ಪಕ್ಕದಲ್ಲಿದ್ದರೆ ಸೈಕಲ್ಲಿಗೆ ಬೀಗ ಹಾಕಿ, ಪೆಡಲಿಗೆ ಸಿಕ್ಕಿಸುವ ಕ್ಲೀಟ್ ಶೂ ಕಳಚಿ ನಡೆಯಬೇಕು. ರಸ್ತೆಯೇ ಇತಿಹಾಸವಾಗಿದ್ದರೆ ತುಳಿಯುವುದೇ ನೋಡುವುದು.

ಉಳಿದವು ರಸ್ತೆಯ ಮೇಲ್ಮೈ, ಹವೆ, ತಲುಪುವ ಬಗೆ, ಖರ್ಚು, ಮತ್ತು ಅರ್ಧಕ್ಕೆ ಸುಸ್ತಾದರೆ ಹಿಂದಿರುಗಲು ಅಡ್ಡದಾರಿ ಇದೆಯೇ ಎಂಬುದು. ಇವನ್ನು ಆಯಾ ಜಾಗದ ಜೊತೆಗೇ ನೋಡೋಣ.

ಟಸ್ಕನಿ: ಪ್ರತಿ ಊರೂ ಗುಡ್ಡದ ಮೇಲೆ

ಫ್ಲಾರೆನ್ಸ್ ಮತ್ತು ಸಿಯೆನಾ ನಡುವಣ ಕ್ಯಾಂಟಿ ಸೀಮೆಯಲ್ಲಿ ಸಪಾಟು ರಸ್ತೆ ಎಂಬುದು ಅಪರೂಪ. ದೊಡ್ಡ ಬೆಟ್ಟವೂ ಇಲ್ಲ. ಸಿಯೆನಾದಿಂದ ಕಾಸ್ತೆಲ್ಲಿನಾ, ರಾದ್ದಾ, ಗಾಯೋಲೆ, ಬ್ರೋಲಿಯೋ ಕೋಟೆಯ ಮೂಲಕ ಮತ್ತೆ ಸಿಯೆನಾಕ್ಕೆ ಬರುವ ಸುತ್ತು ಎಪ್ಪತ್ತೆಂಬತ್ತು ಕಿಲೋಮೀಟರ್. ಏರಿಕೆ ಸಾವಿರ ಮೀಟರ್ ದಾಟುತ್ತದೆ, ಆದರೆ ಯಾವ ಏರೂ ನಿಮ್ಮನ್ನು ಒಂದು ಗಂಟೆ ಹಿಡಿದಿಡುವುದಿಲ್ಲ. ಹತ್ತು, ಇಳಿ, ತಿರುಗು, ಮತ್ತೆ ಹತ್ತು. ಮೊದಲ ದಿನ ಇದು ಆಟದಂತೆ ಕಾಣುತ್ತದೆ. ಮೂರನೆಯ ದಿನ ಕಾಲು ಭಾರವಾದಾಗ, ಕೋಣೆ ಕಾಯ್ದಿರಿಸಿದ ಊರು ಮತ್ತೆ ಗುಡ್ಡದ ತುದಿಯಲ್ಲೇ ಇದೆ ಎಂದು ತಿಳಿದಾಗ ಆಟದ ಬಣ್ಣ ಬದಲಾಗುತ್ತದೆ.

ಊರುಗಳು ಹೀಗೆ ಮೇಲೇರಿ ಕುಳಿತದ್ದಕ್ಕೆ ಕಾರಣ ಜಗಳ. ಮಧ್ಯಯುಗದಲ್ಲಿ ಫ್ಲಾರೆನ್ಸ್ ಮತ್ತು ಸಿಯೆನಾ ಈ ನೆಲಕ್ಕಾಗಿ ತಲೆಮಾರುಗಳ ಕಾಲ ಕಾದಾಡಿದವು; 1260ರ ಮೊಂತಾಪೆರ್ತಿ ಕದನ ಸಿಯೆನಾದ ಹೊರವಲಯದಲ್ಲೇ ನಡೆಯಿತು. ಫ್ಲಾರೆನ್ಸಿನ ದಾರಿಯ ಮೇಲೆ ಕಣ್ಣಿಡಲು ಸಿಯೆನಾದವರು ಹದಿಮೂರನೆಯ ಶತಮಾನದಲ್ಲಿ ಕಟ್ಟಿದ ಮೊಂತೆರಿಜ್ಜೋನಿಯ ದುಂಡು ಕೋಟೆಗೋಡೆ ಇಂದಿಗೂ ಗಟ್ಟಿಯಾಗಿದೆ. ಇಲ್ಲಿನ ಗಡಿ ಗೊತ್ತಾದ ಬಗೆಗೆ ಒಂದು ಕತೆಯಿದೆ. ಕೋಳಿ ಕೂಗಿದಾಗ ಎರಡೂ ನಗರಗಳಿಂದ ಒಬ್ಬೊಬ್ಬ ಕುದುರೆ ಸವಾರ ಹೊರಡಬೇಕು, ಅವರು ಎದುರಾದಲ್ಲಿ ಗಡಿ. ಸಿಯೆನಾದವರು ಬಿಳಿ ಹುಂಜಕ್ಕೆ ಹೊಟ್ಟೆ ತುಂಬ ತಿನ್ನಿಸಿದರಂತೆ. ಫ್ಲಾರೆನ್ಸಿನವರು ಕಪ್ಪು ಹುಂಜವನ್ನು ಉಪವಾಸ ಕೆಡವಿದರಂತೆ. ಹಸಿದ ಹುಂಜ ಬೆಳಕು ಹರಿಯುವ ಮೊದಲೇ ಕೂಗಿತು. ಸವಾರರು ಎದುರಾಗುವಷ್ಟರಲ್ಲಿ ಫ್ಲಾರೆನ್ಸಿನವನು ಸಿಯೆನಾದ ಹತ್ತಿರಕ್ಕೇ ಬಂದುಬಿಟ್ಟಿದ್ದ. ಆ ಜಾಗ ಎಂದು ಹೇಳುವ ಫೊಂತೆರುತೋಲಿ ಹಳ್ಳಿ ಸಿಯೆನಾದಿಂದ ಕಾಸ್ತೆಲ್ಲಿನಾಕ್ಕೆ ಏರುವ ರಸ್ತೆಯಲ್ಲೇ ಸಿಗುತ್ತದೆ. ಏದುಸಿರು ಬಿಡುತ್ತಾ ಅಲ್ಲಿಗೆ ತಲುಪಿದವರಿಗೆ ಫ್ಲಾರೆನ್ಸಿನ ಕುದುರೆಯ ಮೇಲೆ ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ.

ರಸ್ತೆಯ ವಿಷಯದಲ್ಲಿ ಇಲ್ಲಿ ಎರಡು ಟಸ್ಕನಿಗಳಿವೆ. ಒಂದು ಡಾಂಬರಿನದು. ಇನ್ನೊಂದು ಬಿಳಿ ಜಲ್ಲಿಯದು. 2007ರಿಂದ ನಡೆಯುತ್ತಿರುವ ಸ್ಟ್ರಾದೆ ಬಿಯಾಂಕೆ ವೃತ್ತಿಪರ ಸ್ಪರ್ಧೆ ಈ ಬಿಳಿ ರಸ್ತೆಗಳಲ್ಲೇ ಸಾಗಿ ಸಿಯೆನಾದ ನಡುಚೌಕದಲ್ಲಿ ಮುಗಿಯುತ್ತದೆ. ಕೊನೆಯ ಏರಾದ ಸಾಂತಾ ಕತೆರಿನಾ ಬೀದಿ ಶೇ. 16ರಷ್ಟು ಕಡಿದು. 1997ರಲ್ಲಿ ಗಾಯೋಲೆಯಲ್ಲಿ ಶುರುವಾದ ಲೆರೋಯಿಕಾ ಹಳೆಯ ಸೈಕಲ್‌ಗಳ ಜಾತ್ರೆ. ಅದರ ಸುಮಾರು 209 ಕಿ.ಮೀ. ಸುತ್ತಿಗೆ ವರ್ಷವಿಡೀ ಫಲಕಗಳಿರುತ್ತವೆ, ಯಾರು ಬೇಕಾದರೂ ಯಾವಾಗ ಬೇಕಾದರೂ ತುಳಿಯಬಹುದು. ಬಿಳಿ ರಸ್ತೆಗೆ ಹೋಗುವುದಾದರೆ 25 ಮಿಲಿಮೀಟರ್ ಟೈರ್ ಬೇಡ. 30 ಅಥವಾ 32 ಇರಲಿ. ಒಣಗಿದಾಗ ಧೂಳು, ಮಳೆ ಬಂದರೆ ಅಂಟು ಕೆಸರು. ಇಳಿಯುವಾಗ ಮುಂಬ್ರೇಕನ್ನು ನಂಬಿ ತಿರುಗಿಸುವ ಅಭ್ಯಾಸವಿದ್ದರೆ ಅದನ್ನು ಮೊದಲೇ ಬಿಡಿ.

ದಕ್ಷಿಣದ ವಾಲ್ ದೋರ್ಚಾ ಕಣಿವೆ 2004ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಹದಿನೈದನೆಯ ಶತಮಾನದಲ್ಲಿ ಪೋಪ್ ಎರಡನೆಯ ಪಯಸ್ ತನ್ನ ಹುಟ್ಟೂರನ್ನೇ ಹೊಸದಾಗಿ ಕಟ್ಟಿಸಿದ ಪಿಯೆಂಜಾ ಅಲ್ಲಿದೆ. ಕ್ಯಾಂಟಿಗಿಂತ ಬಯಲು, ಹಾಗಾಗಿ ನೆರಳು ಕಡಿಮೆ. ಜುಲೈ, ಆಗಸ್ಟ್ ಬಿಟ್ಟುಬಿಡಿ. ಏಪ್ರಿಲ್‌ನಿಂದ ಜೂನ್ ಮೊದಲ ಭಾಗ ಅಥವಾ ಸೆಪ್ಟೆಂಬರ್, ಅಕ್ಟೋಬರ್ ಸರಿಯಾದ ಕಾಲ.

ಟಸ್ಕನಿಯ ದೊಡ್ಡ ಅನುಕೂಲವೆಂದರೆ ಅಡ್ಡದಾರಿಗಳು. ಪ್ರತಿ ಹತ್ತು ಹದಿನೈದು ಕಿಲೋಮೀಟರಿಗೆ ಒಂದು ಊರು, ಊರಿನಿಂದ ಎರಡು ಮೂರು ರಸ್ತೆ. ಸುಸ್ತಾದವರು ಸುತ್ತನ್ನು ಅರ್ಧಕ್ಕೆ ಕತ್ತರಿಸಬಹುದು. ಅನನುಕೂಲ ಖರ್ಚು, ಗೋಡೆಯೊಳಗಿನ ಊರುಗಳಲ್ಲಿ ಕೋಣೆ ದುಬಾರಿ. ಕೆಳಗಿನ ಕಣಿವೆಯ ಊರಿನಲ್ಲಿ ಉಳಿದರೆ ದುಡ್ಡೂ ಉಳಿಯುತ್ತದೆ, ದಿನದ ಕೊನೆಯ ಏರೂ ತಪ್ಪುತ್ತದೆ.

ಪ್ರೊವಾನ್ಸ್: ಒಂದು ಬೆಟ್ಟ, ಅದರಾಚೆ ಮತ್ತೊಂದು ಲೋಕ

ಇಲ್ಲಿಗೆ ಹೋಗುವವರು ಮೋಂ ವಾಂತೂ ಬೆಟ್ಟಕ್ಕಾಗಿಯೇ ಹೋಗುತ್ತಾರೆ. ಎತ್ತರ ಸುಮಾರು 1,910 ಮೀಟರ್, ಸುತ್ತ ಸರಿಸಾಟಿ ಬೆಟ್ಟವಿಲ್ಲ. ಮೂರು ರಸ್ತೆಗಳಿವೆ. ಬೆದುವಾಂ ಊರಿನಿಂದ 21 ಕಿ.ಮೀ.ಗಳಲ್ಲಿ ಸುಮಾರು 1,600 ಮೀಟರ್ ಏರಿಕೆ. ಮೊದಲ ಆರು ಕಿಲೋಮೀಟರ್ ದ್ರಾಕ್ಷಿ ತೋಟಗಳ ನಡುವೆ ಸಲೀಸು, ಆಮೇಲೆ ಕಾಡಿನೊಳಗೆ ಶೇ. 9-10ರ ಏರು ಬಿಡುವೇ ಕೊಡದೆ ಮುಂದುವರಿಯುತ್ತದೆ. ಮಲೊಸೇನ್ ಕಡೆಯಿಂದಲೂ ಹೆಚ್ಚುಕಡಿಮೆ ಅಷ್ಟೇ. ಸೋ ಎಂಬ ಊರಿನ ಕಡೆಯಿಂದ 26 ಕಿ.ಮೀ. ಉದ್ದ, ಆದರೆ ಸರಾಸರಿ ಶೇ. 5ರ ಒಳಗೆ. ಕೊನೆಯ ಆರು ಕಿಲೋಮೀಟರಿನಲ್ಲಿ ಬೆದುವಾಂ ರಸ್ತೆಯೂ ಸೋ ರಸ್ತೆಯೂ ಒಂದಾಗುತ್ತವೆ. ಅಲ್ಲಿಂದ ಮೇಲೆ ಮರವಿಲ್ಲ, ಬರೀ ಬಿಳಿ ಕಲ್ಲು. ಶತಮಾನಗಳ ಹಿಂದೆ ಹಡಗು ಕಟ್ಟಲು ಇಲ್ಲಿನ ಮರ ಕಡಿದರು. ಶಿಖರಕ್ಕೆ ಒಂದೂವರೆ ಕಿಲೋಮೀಟರ್ ಮೊದಲು ಟಾಮ್ ಸಿಂಪ್ಸನ್ ಸ್ಮಾರಕವಿದೆ. 1967ರ ಜುಲೈ 13ರಂದು ಟೂರ್ ದ ಫ್ರಾನ್ಸ್ ಸ್ಪರ್ಧೆಯಲ್ಲಿ ಆತ ಈ ಏರಿನಲ್ಲಿ ಕುಸಿದು ಸತ್ತ. ಬಿಸಿಲು, ನಿರ್ಜಲೀಕರಣ, ಉತ್ತೇಜಕ ಔಷಧಿ ಒಟ್ಟಾಗಿ ಮಾಡಿದ ಕೆಲಸ ಅದು.

ಮೊದಲ ಸಲ ಹೋಗುವವರಿಗೆ ನನ್ನ ಸಲಹೆ ಸೋ ಕಡೆಯ ರಸ್ತೆ. ಬೆದುವಾಂನಿಂದ ಹತ್ತದಿದ್ದರೆ ವಾಂತೂ ಹತ್ತಿದಂತೆಯೇ ಅಲ್ಲ ಎನ್ನುವವರಿದ್ದಾರೆ. ಶಿಖರ ಎರಡು ಕಡೆಯಿಂದಲೂ ಒಂದೇ. 1336ರಲ್ಲಿ ಈ ಬೆಟ್ಟ ಹತ್ತಿದ ಕವಿ ಪೆಟ್ರಾರ್ಕ್ ಕೂಡ ತನ್ನ ಪತ್ರದಲ್ಲಿ, ಒಡಹುಟ್ಟಿದ ತಮ್ಮ ನೇರ ದಾರಿ ಹಿಡಿದಾಗ ತಾನು ಸುಲಭದ ದಾರಿ ಹುಡುಕಿದ್ದನ್ನು ಬರೆದುಕೊಂಡಿದ್ದಾನೆ.

ಗಮನಿಸಬೇಕಾದದ್ದು ಗಾಳಿ. ಉತ್ತರದಿಂದ ಬೀಸುವ ಮಿಸ್ಟ್ರಲ್ ಜೋರಾದ ದಿನ ಮೇಲಿನ ಬೋಳು ಭಾಗದಲ್ಲಿ ಸೈಕಲ್ ಹಿಡಿದು ನಿಲ್ಲುವುದೇ ಕಷ್ಟ. ಚಳಿಗಾಲದಲ್ಲಿ ಹಿಮ ಬಿದ್ದು ಶಿಖರದ ರಸ್ತೆ ಮುಚ್ಚಿರುತ್ತದೆ. ಹಾಗಾಗಿ ಒಂದೇ ದಿನವನ್ನು ವಾಂತೂವಿಗೆಂದು ಇಟ್ಟುಕೊಂಡು ಹೋಗಬೇಡಿ. ವಾರದಲ್ಲಿ ಎರಡು ಮೂರು ದಿನ ಸಡಿಲವಾಗಿರಲಿ, ಗಾಳಿ ತಗ್ಗಿದ ದಿನ ಹತ್ತಿ.

ಇಲ್ಲಿ ಬೆಟ್ಟ ಬೇರೆ, ಇತಿಹಾಸ ಬೇರೆ. ವಾಂತೂವಿನ ದಕ್ಷಿಣಕ್ಕಿರುವ ಲುಬೆರೋಂ ಸೀಮೆಯಲ್ಲಿ ಗೋರ್ದ್, ಕೆಂಪು ಕಾವಿಮಣ್ಣಿನ ರುಸಿಯೋಂ, ಬೊನ್ಯೂ ಹಳ್ಳಿಗಳಿವೆ. 1148ರಲ್ಲಿ ಸ್ಥಾಪನೆಯಾದ ಸೆನಾಂಕ್ ಮಠವಿದೆ. ಬೊನ್ಯೂ ಕೆಳಗಿನ ಪೋಂ ಜುಲಿಯೆಂ ಸೇತುವೆಯನ್ನು ರೋಮನ್ನರು ಕ್ರಿ.ಪೂ. 3ರ ಹೊತ್ತಿಗೆ ಕಟ್ಟಿದರು. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿದ ಅದರ ಮೂರು ಕಮಾನುಗಳ ಮೇಲೆ 2005ರವರೆಗೆ ಕಾರುಗಳು ಓಡಾಡುತ್ತಿದ್ದವು. ಈಗ ನಡೆಯುವವರಿಗೂ ಸೈಕಲ್ಲಿನವರಿಗೂ ಮಾತ್ರ ಪ್ರವೇಶ. ಹಳೆಯ ರೈಲುಹಾದಿಯನ್ನೇ ಸೈಕಲ್ ದಾರಿಯಾಗಿ ಮಾಡಿದ ಕಲವೋಂ ಮಾರ್ಗ ಅದರ ಪಕ್ಕದಲ್ಲೇ ಹಾದುಹೋಗುವುದರಿಂದ ಏರು ಬೇಡ ಎನ್ನುವವರೂ ಅಲ್ಲಿಗೆ ಬರಬಹುದು. ಗುಂಪಿನಲ್ಲಿ ಒಬ್ಬರು ಗಟ್ಟಿಗರು, ಇನ್ನೊಬ್ಬರು ಹೊಸಬರು ಇದ್ದರೆ ನಾಲ್ಕರಲ್ಲಿ ಪ್ರೊವಾನ್ಸ್‌ನಷ್ಟು ಸಲೀಸಾದ ಜಾಗ ಇನ್ನೊಂದಿಲ್ಲ.

ಬೆಟ್ಟದ ಬುಡಕ್ಕೆ ರೈಲಿಲ್ಲ. ಅವಿನ್ಯೋಂನಿಂದ ಕಾರ್ಪಾಂತ್ರಾದವರೆಗೆ ರೈಲು, ಮುಂದಿನ ಹದಿನೈದು ಕಿಲೋಮೀಟರ್ ಸೈಕಲ್ಲೇ. ಲ್ಯಾವೆಂಡರ್ ಅರಳುವ ಜುಲೈನಲ್ಲಿ ಕೋಣೆ ಸಿಗುವುದು ಕಷ್ಟ, ಬಿಸಿಲೂ ಹೆಚ್ಚು. ಮೇ, ಜೂನ್, ಸೆಪ್ಟೆಂಬರ್ ಮೇಲು.

ಫ್ಲಾಂಡರ್ಸ್: ಎತ್ತರವಿಲ್ಲದ ಗುಡ್ಡಗಳು

ಬೆಲ್ಜಿಯಂನ ಔದೆನಾರ್ದೆ ಸುತ್ತಲಿನ ದಿಬ್ಬಗಳನ್ನು ನಕ್ಷೆಯಲ್ಲಿ ನೋಡಿದರೆ ನಗು ಬರುತ್ತದೆ. ಕೊಪ್ಪೆನ್‌ಬರ್ಗಿನ ನೆತ್ತಿ ಸಮುದ್ರಮಟ್ಟದಿಂದ ನೂರು ಮೀಟರ್ ಕೂಡ ಇಲ್ಲ. ಆದರೆ ಅದರ 600 ಮೀಟರ್ ಉದ್ದದ ಏರು ಒಂದು ಕಡೆ ಶೇ. 22 ಮುಟ್ಟುತ್ತದೆ, ಮತ್ತು ಇಡೀ ರಸ್ತೆ ಉಬ್ಬುತಗ್ಗಿನ ಕಲ್ಲುಹಾಸು. ಎದ್ದು ನಿಂತು ತುಳಿದರೆ ಹಿಂದಿನ ಚಕ್ರ ಜಾರುತ್ತದೆ; ಕುಳಿತರೆ ಮುಂದಿನ ಚಕ್ರ ಏಳುತ್ತದೆ. 1987ರ ಟೂರ್ ಆಫ್ ಫ್ಲಾಂಡರ್ಸ್‌ನಲ್ಲಿ ಇಲ್ಲಿ ಬಿದ್ದ ಸವಾರನೊಬ್ಬನ ಸೈಕಲ್ ಮೇಲೆ ಅಧಿಕಾರಿಗಳ ಕಾರೇ ಹತ್ತಿತು. ಆಮೇಲೆ 2002ರವರೆಗೆ ಈ ಏರನ್ನು ಸ್ಪರ್ಧೆಯಿಂದ ಕೈಬಿಟ್ಟಿದ್ದರು.

ಔದೆ ಕ್ವಾರೆಮೋಂಟ್ ಎರಡು ಕಿಲೋಮೀಟರ್ ಮೀರಿದ ಸೌಮ್ಯ ಏರು, ಕಲ್ಲು ಮಾತ್ರ ಸೌಮ್ಯವಲ್ಲ. ಪಕ್ಕದ ಪಾಟರ್‌ಬರ್ಗ್ 360 ಮೀಟರ್, ಶೇ. 20. ಪೂರ್ವಕ್ಕೆ ಗೆರಾರ್ಡ್ಸ್‌ಬರ್ಗೆನ್ ಊರಿನ ಮ್ಯೂರ್ ಎಂಬ ಏರು, ತುದಿಯಲ್ಲಿ ಪುಟ್ಟ ಪ್ರಾರ್ಥನಾ ಮಂದಿರ. ಔದೆನಾರ್ದೆಯಿಂದ ನೀಲಿ, ಹಳದಿ, ಕೆಂಪು ಬಣ್ಣದ ಫಲಕಗಳ ಮೂರು ಸುತ್ತುಗಳು ಇವುಗಳನ್ನೆಲ್ಲ ಜೋಡಿಸುತ್ತವೆ. ದಾರಿ ತಪ್ಪುವ ಭಯವಿಲ್ಲ. ಊರಿನ ಪುರಭವನ 1526ರಿಂದ ಹತ್ತು ವರ್ಷಗಳಲ್ಲಿ ಎದ್ದ ಗೋಥಿಕ್ ಕುಸುರಿ, 1708ರ ದೊಡ್ಡ ಕದನ ನಡೆದದ್ದು ಊರಿನಾಚೆಯ ಹೊಲಗಳಲ್ಲಿ. ಆದರೆ ಜನ ಬರುವುದು 1913ರಿಂದ ನಡೆಯುತ್ತಿರುವ ಟೂರ್ ಆಫ್ ಫ್ಲಾಂಡರ್ಸ್ ಸ್ಪರ್ಧೆಯ ನೆನಪಿಗೆ. ಅದಕ್ಕೇ ಮೀಸಲಾದ ವಸ್ತುಸಂಗ್ರಹಾಲಯವೂ ಇಲ್ಲಿದೆ. ಸೈಕಲ್ ಸ್ಪರ್ಧೆಯ ಇತಿಹಾಸದಲ್ಲಿ ಆಸಕ್ತಿ ಇಲ್ಲದವರಿಗೆ ಫ್ಲಾಂಡರ್ಸ್ ಎರಡೇ ದಿನಕ್ಕೆ ಮುಗಿದುಹೋಗುತ್ತದೆ ಎಂದು ನೇರವಾಗಿಯೇ ಹೇಳುತ್ತೇನೆ.

ಖರ್ಚಿನ ಮಟ್ಟಿಗೆ ಇದೇ ಹಗುರ. ಗೆಂಟ್ ನಗರದಲ್ಲಿ ಉಳಿದು ರೈಲಿನಲ್ಲಿ ಬಂದು ಹೋಗಬಹುದು, ದೂರಗಳು ಕಡಿಮೆ, ಮೂರು ನಾಲ್ಕು ದಿನ ಸಾಕು. ಒಂದು ನಿಯಮ ನೆನಪಿರಲಿ: ನೀಲಿ ದುಂಡು ಫಲಕದ ಸೈಕಲ್ ಪಥ ಇದ್ದಲ್ಲಿ ಅದರಲ್ಲೇ ಹೋಗಬೇಕು. ಮಳೆ ಬಿದ್ದ ಕಲ್ಲು ಸಾಬೂನಿನಂತೆ. ಟೈರಿನ ಗಾಳಿ ಇಳಿಸಿ, ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿಯದೆ ಸಡಿಲವಾಗಿ ಹಿಡಿಯಿರಿ.

ಲೇಕ್ ಡಿಸ್ಟ್ರಿಕ್ಟ್: ರೋಮನ್ನರ ಕಣಿವೆದಾರಿ

ಹಾರ್ಡ್‌ನಾಟ್ ಕಣಿವೆದಾರಿಯ ಎತ್ತರ 393 ಮೀಟರ್. ವಾಂತೂವಿನ ಐದನೆಯ ಒಂದು ಭಾಗ. ಆದರೆ ಏರು ಶೇ. 33 ತಲುಪುತ್ತದೆ, ಅದರ ಬೆನ್ನಿಗೇ ಶೇ. 25ರ ರೈನೋಸ್ ಕಣಿವೆದಾರಿ ಕಾದಿರುತ್ತದೆ. ರೋಮನ್ನರು ಕರಾವಳಿಯ ರೇವೆನ್‌ಗ್ಲಾಸ್‌ನಿಂದ ಆಂಬಲ್‌ಸೈಡ್‌ಗೆ ರಸ್ತೆ ಮಾಡಿದ್ದು ಈ ಕಣಿವೆದಾರಿಗಳ ಮೂಲಕವೇ. ಅದನ್ನು ಕಾಯಲು ಚಕ್ರವರ್ತಿ ಹೇಡ್ರಿಯನ್ ಕಾಲದಲ್ಲಿ ಕಟ್ಟಿದ ಕೋಟೆಯ ಗೋಡೆಗಳು ಪಶ್ಚಿಮದ ಏರಿನ ಪಕ್ಕದಲ್ಲೇ ಇವೆ. ಸ್ನಾನಗೃಹದ ಅಡಿಪಾಯವೂ ಉಳಿದಿದೆ. ಕಾವಲಿಗಿದ್ದ ಪಡೆ ದೂರದ ಡಾಲ್ಮೇಷಿಯಾದ್ದು. ಆಡ್ರಿಯಾಟಿಕ್ ಕಡಲತಡಿಯ ಬಿಸಿಲಿನಿಂದ ಬಂದವರಿಗೆ ಈ ಮಳೆ ಹೇಗನಿಸಿತೋ. ಇದೇ ಸೀಮೆಯ ಬಾರೋಡೇಲ್ ಕಣಿವೆಯ ಸೀತ್‌ವೇಟ್ ಇಂಗ್ಲೆಂಡಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಜನವಸತಿ.

ಮುಂದಿನ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನ ದೊಡ್ಡ ಹಲ್ಲುಚಕ್ರಕ್ಕೂ 34 ಹಲ್ಲು ಇದ್ದರೆ ಹಾರ್ಡ್‌ನಾಟ್‌ನಲ್ಲಿ ಗಂಟೆಗೆ 5 ಕಿ.ಮೀ. ವೇಗಕ್ಕೆ ನಿಮಿಷಕ್ಕೆ ಸುಮಾರು 40 ಸುತ್ತು ಪೆಡಲ್ ತುಳಿಯಬೇಕು. ಹಿಂದೆ 28 ಹಲ್ಲು ಇದ್ದರೆ ಅದು 33 ಸುತ್ತಿಗೆ ಇಳಿಯುತ್ತದೆ, ಮಂಡಿಯ ಮೇಲಿನ ಭಾರ ಏರುತ್ತದೆ. ಇಳಿಯುವುದು ಇನ್ನೂ ಕಷ್ಟ: ಕಿರಿದಾದ ರಸ್ತೆ, ಹೇರ್‌ಪಿನ್ ತಿರುವು, ಎದುರಿಗೆ ಕಾರು. ಒದ್ದೆ ದಿನ ರಿಮ್ ಬ್ರೇಕಿನ ಸೈಕಲ್ ತೆಗೆದುಕೊಂಡು ಹೋಗಬೇಡಿ. ಡಿಸ್ಕ್ ಬ್ರೇಕ್ ಇರಲಿ. ಇಳಿದು ನಡೆಸಿಕೊಂಡು ಹೋಗುವುದರಲ್ಲಿ ನಾಚಿಕೆ ಏನೂ ಇಲ್ಲ, ಕ್ಲೀಟ್ ಶೂಗಳಲ್ಲಿ ಅದೂ ಜಾರುತ್ತದೆ ಎಂಬುದನ್ನು ಬಿಟ್ಟರೆ.

ಹಾರ್ಡ್‌ನಾಟ್ ಬಿಟ್ಟೂ ಈ ಸೀಮೆಯನ್ನು ಸುತ್ತಬಹುದು. ವಿನ್‌ಲ್ಯಾಟರ್ ಸಹ್ಯ, ಹೋನಿಸ್ಟರ್ ಕಠಿಣ, 454 ಮೀಟರಿನ ಕರ್ಕ್‌ಸ್ಟೋನ್ ಮಧ್ಯಮ. ಕೆಸ್ವಿಕ್ ಹತ್ತಿರದ ಕ್ಯಾಸಲ್‌ರಿಗ್ ಶಿಲಾವೃತ್ತ ರೋಮನ್ನರಿಗಿಂತ ಸಾವಿರಾರು ವರ್ಷ ಹಳೆಯದು. ಎಡಬದಿಯ ಸಂಚಾರ ನಮಗೆ ರೂಢಿಯಾದದ್ದು ಎಂಬುದು ಸಣ್ಣ ಅನುಕೂಲವಲ್ಲ. ಅನಾನುಕೂಲವೆಂದರೆ ಅಡ್ಡದಾರಿಗಳಿಲ್ಲ: ಕಣಿವೆಯೊಳಗೆ ಹೋದಿರೆಂದರೆ ಹೊರಬರಲು ಮತ್ತೊಂದು ಏರು ದಾಟಲೇಬೇಕು, ಇಲ್ಲವೇ ಬಹುದೂರ ಸುತ್ತಬೇಕು.

ಹಾಗಾದರೆ ಯಾರಿಗೆ ಯಾವುದು

ಮೊದಲ ಪ್ರವಾಸ, ಹತ್ತು ದಿನ ಬಿಡುವು, ಕೈಯಲ್ಲಿ ಸ್ವಲ್ಪ ದುಡ್ಡು ಇದ್ದರೆ ಟಸ್ಕನಿ. ಬದುಕಿನಲ್ಲಿ ಒಂದು ದೊಡ್ಡ ಬೆಟ್ಟ ಹತ್ತಿದೆ ಎನಿಸಿಕೊಳ್ಳಬೇಕು, ಜೊತೆಯಲ್ಲಿ ಸೈಕಲ್ ತುಳಿಯದ ಸಂಗಾತಿಯೂ ಬರುತ್ತಾರೆ ಎಂದರೆ ಪ್ರೊವಾನ್ಸ್. ನೀವು ವಾಂತೂ ಹತ್ತುವ ದಿನ ಅವರು ಅವಿನ್ಯೋಂನಲ್ಲಿ ಪೋಪರ ಅರಮನೆ ನೋಡುತ್ತಾರೆ. ಕಚೇರಿ ಕೆಲಸಕ್ಕೆ ಯುರೋಪಿಗೆ ಹೋಗಿದ್ದು ಒಂದು ವಾರಾಂತ್ಯ ಉಳಿದಿದ್ದರೆ ಫ್ಲಾಂಡರ್ಸ್. ಲೇಕ್ ಡಿಸ್ಟ್ರಿಕ್ಟನ್ನು ನಾನು ಹೊಸಬರಿಗೆ ಹೇಳುವುದಿಲ್ಲ. ಮಳೆಯಲ್ಲಿ ತುಳಿಯುವುದನ್ನು ಇಷ್ಟಪಡುವ, ಕಡಿದಾದ ಏರನ್ನು ಅರಸಿ ಹೋಗುವ ಹಟಮಾರಿಗಳಿಗೆ ಮಾತ್ರ ಅದು.

ವೀಸಾ ಲೆಕ್ಕವೂ ಇದೆ. ಇಟಲಿ, ಫ್ರಾನ್ಸ್, ಬೆಲ್ಜಿಯಂ ಮೂರಕ್ಕೂ ಒಂದೇ ಷೆಂಗೆನ್ ವೀಸಾ ಸಾಕು, ಬ್ರಿಟನ್ನಿಗೆ ಪ್ರತ್ಯೇಕ. ಎರಡು ಜಾಗ ಜೋಡಿಸುವ ಆಸೆಯಿದ್ದರೆ ಪ್ರೊವಾನ್ಸ್ ಮತ್ತು ಟಸ್ಕನಿ ಹೊಂದುತ್ತವೆ, ಆದರೆ ಆಗ ಎರಡು ವಾರಕ್ಕಿಂತ ಕಡಿಮೆ ಸಾಲದು.

ಸೈಕಲ್ ಒಯ್ಯಬೇಕೋ ಬಾಡಿಗೆಗೆ ಪಡೆಯಬೇಕೋ ಎಂಬುದು ಕೊನೆಯ ಪ್ರಶ್ನೆ. ಒಂದು ವಾರದೊಳಗಿನ ಪ್ರವಾಸಕ್ಕೆ ಬಾಡಿಗೆಯೇ ಲೇಸು. ಪೆಟ್ಟಿಗೆ ಹೊತ್ತು ರೈಲು ಬದಲಿಸುವ ಪಾಡು ತಪ್ಪುತ್ತದೆ. ನಿಮ್ಮ ಪೆಡಲ್, ಶೂ, ಸೀಟಿನ ಎತ್ತರದ ಅಳತೆ ಮಾತ್ರ ಜೊತೆಗಿರಲಿ. ಅಂಗಡಿಗೆ ಬರೆಯುವಾಗ ಸೈಕಲ್ಲಿನ ಹೆಸರು ಕೇಳುವ ಮೊದಲು ಮೂರು ವಿಷಯ ಕೇಳಿ: ಹಿಂದಿನ ದೊಡ್ಡ ಹಲ್ಲುಚಕ್ರ ಎಷ್ಟು, ಟೈರ್ ಎಷ್ಟು ಅಗಲ, ಬ್ರೇಕ್ ಡಿಸ್ಕೋ ರಿಮ್ಮೋ. ಹಿಂದೆ 34 ಹಲ್ಲು ಸಿಗದಿದ್ದರೆ ಹಾರ್ಡ್‌ನಾಟ್ ಬಿಡಿ. 28 ಮಿಲಿಮೀಟರಿಗಿಂತ ಅಗಲದ ಟೈರ್ ಕೂರದಿದ್ದರೆ ಟಸ್ಕನಿಯ ಡಾಂಬರು ರಸ್ತೆಗಳಲ್ಲೇ ಇರಿ.